ಇ ಡ್ರೈವ್ ಯಾರದ್ದು?

ನಮ್ಮದು ಅರಸೀಕೆರೆಯಲ್ಲಿ ಒಂದು ಚಿಕ್ಕ ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ನಾಮಕರಣ, ಗೃಹಪ್ರವೇಶ ಎಲ್ಲಾ ಮಾಡುತ್ತೇವೆ. ಆದರೆ ಅಂಗಡಿ ಬಾಡಿಗೆ ಹುಟ್ಟುವುದು ಮದುವೆಯಿಂದಲೇ. ಆರತಕ್ಷತೆ, ಧಾರೆ, ಬೀಗರೂಟ ಅಂತ ಒಂದೊಂದು ಮದುವೆಗೆ ಎರಡು ಮೂರು ಮೆಮೊರಿ ಕಾರ್ಡ್ ತುಂಬುತ್ತವೆ. ಕಾರ್ಡಿನಿಂದ ಕಂಪ್ಯೂಟರಿನ ಡಿ ಡ್ರೈವ್‌ಗೆ, ಅಲ್ಲಿಂದ ಹೊರಗಿನ ಒಂದು ಹಾರ್ಡ್ ಡಿಸ್ಕ್‌ಗೆ. ಈ ಎರಡನೇ ಕಾಪಿಯನ್ನು ಬಹಳ ವರ್ಷ ಮೌಸ್‌ನಲ್ಲೇ ಮಾಡುತ್ತಿದ್ದೆ. ಫೋಲ್ಡರ್ ಆರಿಸು, ಕಾಪಿ, ಪೇಸ್ಟ್, ಊಟಕ್ಕೆ ಹೋಗು. ವಾಪಸ್ ಬಂದರೆ ಅರ್ಧದಲ್ಲೇ ನಿಂತು, 'ಈ ಫೈಲ್ ಕಾಪಿ ಆಗುತ್ತಿಲ್ಲ, ಬಿಟ್ಟುಬಿಡಲಾ?' ಅಂತ ಕೇಳುತ್ತಾ ಕೂತಿರುತ್ತಿತ್ತು. ಯಾವುದು ಹೋಯಿತು, ಯಾವುದು ಉಳಿಯಿತು ಅಂತ ನನಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ.

ಆಷಾಢದಲ್ಲಿ ನಮಗೆ ಕೆಲಸ ಕಡಿಮೆ. ಒಂದು ವರ್ಷ ಆ ತಿಂಗಳಲ್ಲಿ ಕೂತು ರೋಬೋಕಾಪಿ ಅನ್ನುವ, ಫೈಲ್ ಕಾಪಿ ಮಾಡುವ ಕಮಾಂಡ್ ಕಲಿತೆ. ಇದನ್ನು ಹೊಸದಾಗಿ ಹಾಕಿಕೊಳ್ಳಬೇಕಿಲ್ಲ. 2007ರ ವಿಸ್ಟಾದಿಂದ ಈಚೆಗೆ ಎಲ್ಲ ವಿಂಡೋಸ್‌ನಲ್ಲೂ ಇದೆ. ಕಪ್ಪು ಕಿಟಕಿ ತೆರೆದು ಒಂದು ಸಾಲು ಬರೆದರೆ ಸಾಕು: ಎಲ್ಲಿಂದ, ಎಲ್ಲಿಗೆ, ಹೇಗೆ. ಮೊದಲ ಸಲ ಎಲ್ಲಾ ಕಾಪಿ ಮಾಡುತ್ತದೆ, ಮುಂದಿನ ಸಲ ಹೊಸದು ಮತ್ತು ಬದಲಾಗಿದ್ದು ಮಾತ್ರ.

ನನಗೆ ಬಹಳ ಹಿಡಿಸಿದ್ದು ಸ್ಲ್ಯಾಶ್ ಎಂಐಆರ್ ಅನ್ನುವ ಸ್ವಿಚ್, ಅಂದರೆ ಕಮಾಂಡಿಗೆ ಸೇರಿಸುವ ಸೂಚನೆ. ಮಿರರ್, ಕನ್ನಡಿ. ಇಲ್ಲಿ ಇರುವುದೆಲ್ಲ ಅಲ್ಲಿ ಇರಬೇಕು, ಇಲ್ಲಿ ಇಲ್ಲದ್ದು ಅಲ್ಲೂ ಇರಬಾರದು. ಈ ಎರಡನೇ ಮಾತನ್ನು ನಾನು ಓದಿದ್ದೆ, ಅರ್ಥವೂ ಆಗಿತ್ತು. ಆಗಿತ್ತು ಅಂದುಕೊಂಡಿದ್ದೆ, ಅಷ್ಟೇ.

ಮೊದಲ ರಾತ್ರಿ ಹಚ್ಚಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಒಂದು ಫೋಟೋನೂ ಹೋಗಿಲ್ಲ. 'ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್' ಅಂತ ವಿಂಡೋಸ್ ತನಗಾಗಿ ಇಟ್ಟುಕೊಂಡ ಒಂದು ಫೋಲ್ಡರ್ ಇರುತ್ತದೆ. ಅದರ ಬಾಗಿಲಲ್ಲೇ ನಿಂತು ರೋಬೋಕಾಪಿ ರಾತ್ರಿಯಿಡೀ ಕದ ತಟ್ಟಿದೆ. ಆಮೇಲೆ ತಿಳಿಯಿತು. ಒಂದು ಫೈಲ್ ಸಿಗದಿದ್ದರೆ ರೋಬೋಕಾಪಿ ತಾನಾಗಿ 10 ಲಕ್ಷ ಸಲ ಪ್ರಯತ್ನ ಮಾಡುತ್ತದೆ, ಒಂದೊಂದು ಸಲಕ್ಕೂ ನಡುವೆ 30 ಸೆಕೆಂಡ್ ಕಾಯುತ್ತದೆ. ಲೆಕ್ಕ ಹಾಕಿ ನೋಡಿದೆ, 347 ದಿನ! ಅಷ್ಟರಲ್ಲಿ ಆ ಜೋಡಿಗೆ ಮಗುವಿನ ನಾಮಕರಣವೂ ಆಗಿರುತ್ತದೆ. ಆವತ್ತಿನಿಂದ ಸ್ಲ್ಯಾಶ್ ಆರ್ ಒಂದು, ಸ್ಲ್ಯಾಶ್ ಡಬ್ಲ್ಯು ಒಂದು ಅಂತ ಕೈಯಾರೆ ಬರೆಯುತ್ತೇನೆ. ಒಂದೇ ಸಲ ಮತ್ತೆ ಕೇಳು, ಒಂದೇ ಸೆಕೆಂಡ್ ಕಾಯಿ. ಆ ಫೋಲ್ಡರನ್ನೂ ರೀಸೈಕಲ್ ಬಿನ್ನನ್ನೂ ಸ್ಲ್ಯಾಶ್ ಎಕ್ಸ್‌ಡಿ ಹಾಕಿ ಹೊರಗಿಟ್ಟೆ.

ಎರಡನೇ ರಾತ್ರಿ ಕಾಪಿ ಚೆನ್ನಾಗಿ ಆಯಿತು. ಆದರೆ ಬೆಳಿಗ್ಗೆ ಇ ಡ್ರೈವ್, ಅಂದರೆ ಆ ಹೊರಗಿನ ಹಾರ್ಡ್ ಡಿಸ್ಕ್, ತೆರೆದರೆ 'ಬ್ಯಾಕಪ್' ಅನ್ನುವ ಫೋಲ್ಡರೇ ಕಾಣುತ್ತಿಲ್ಲ. ಡಿಸ್ಕ್ ಮಾತ್ರ ತುಂಬಿದೆ! ಇದು ತಲೆ ಕೆಡಿಸುವಂಥ ಒಂದು ಚಾಳಿ. ಯಾವುದೇ ಡ್ರೈವಿನ ಬುಡಕ್ಕೆ, ಅಂದರೆ ರೂಟ್‌ಗೆ, ವಿಂಡೋಸ್ 'ಮರೆ' ಮತ್ತು 'ಸಿಸ್ಟಂ' ಅನ್ನುವ ಎರಡು ಗುರುತು ಹಾಕಿರುತ್ತದೆ. ನಾನು ಇಡೀ ಡಿ ಡ್ರೈವನ್ನೇ ಒಂದು ಫೋಲ್ಡರಿಗೆ ಕಾಪಿ ಮಾಡಿದ್ದರಿಂದ ಆ ಗುರುತುಗಳೂ ಜೊತೆಗೆ ಬಂದು ನನ್ನ ಫೋಲ್ಡರ್ ಮಾಯ. ಸ್ಲ್ಯಾಶ್ ಎ ಮೈನಸ್ ಕೋಲನ್ ಎಸ್‌ಎಚ್ ಅಂತ ಸೇರಿಸಿದರೆ ಆ ಗುರುತು ಬರುವುದಿಲ್ಲ. ನನಗಾಗ ಅದು ಗೊತ್ತಿರಲಿಲ್ಲ. ನಾನು ಮಾಡಿದ್ದು ಸುಲಭದ ಕೆಲಸ. ಫೋಲ್ಡರೇ ಬೇಡ ಅಂತ ಡಿ ಡ್ರೈವನ್ನು ನೇರವಾಗಿ ಇ ಡ್ರೈವಿನ ಬುಡಕ್ಕೇ ಕನ್ನಡಿ ಮಾಡಿದೆ. ಆ ಸಾಲನ್ನು ಒಂದು ಬ್ಯಾಚ್ ಫೈಲಿನಲ್ಲಿ, ಅಂದರೆ ಕಮಾಂಡುಗಳನ್ನು ಬರೆದಿಡುವ ಫೈಲಿನಲ್ಲಿ, ಬರೆದು, ದಿನಾ ರಾತ್ರಿ 9 ಗಂಟೆಗೆ ಓಡುವಂತೆ ಟಾಸ್ಕ್ ಶೆಡ್ಯೂಲರ್‌ಗೆ ಕೊಟ್ಟೆ. ಎರಡು ಮದುವೆ ಸೀಸನ್ ಹಾಗೇ ನಡೆಯಿತು. ನಾನು ಅದನ್ನು ಮರೆತೇಬಿಟ್ಟೆ.

ವೈಶಾಖದಲ್ಲಿ ಒಂದು ಸಂಜೆ, ನಮ್ಮ ಜೊತೆ ವಿಡಿಯೋ ಮಾಡುವ ಹುಡುಗ ಡ್ರೋನ್ ಕ್ಲಿಪ್ ಕೊಡಲು ಬಂದ. ಯುಎಸ್‌ಬಿ ಪೋರ್ಟ್ ಸಾಲದೆ ನಮ್ಮ ಬ್ಯಾಕಪ್ ಡಿಸ್ಕ್ ಕಿತ್ತು ಅವನ ಡಿಸ್ಕ್ ಚುಚ್ಚಿದೆ. ಕ್ಲಿಪ್ ಬಂತು. 'ಕಾಫಿ ಕುಡಿದು ಬರೋಣ ಬಾ' ಅಂತ ಸ್ಟ್ಯಾಂಡಿನ ಕಡೆ ಹೋದೆವು. ಬಂದಾಗ ಒಂಬತ್ತೂಕಾಲು.

'ಅಣ್ಣಾ, ನನ್ನ ಡಿಸ್ಕ್ ಲೈಟ್ ಯಾಕೆ ಮಿಣಮಿಣ ಅಂತಿದೆ?'

ಪರದೆ ಮೇಲೆ ಕಪ್ಪು ಕಿಟಕಿ. ಅದರಲ್ಲಿ ನಮ್ಮ ಫೈಲುಗಳ ಹೆಸರು ಸರಸರ ಮೇಲೆ ಹೋಗುತ್ತಿವೆ. ನಮ್ಮ ಡಿಸ್ಕ್ ಕಿತ್ತಾಗ ಇ ಅನ್ನುವ ಅಕ್ಷರ ಖಾಲಿಯಾಗಿತ್ತು. ವಿಂಡೋಸ್ ಅದನ್ನು ಅವನ ಡಿಸ್ಕಿಗೆ ಕೊಟ್ಟಿತ್ತು. ಒಂಬತ್ತು ಗಂಟೆಗೆ ನನ್ನ ಬ್ಯಾಚ್ ಫೈಲ್ ಎದ್ದು, ಡಿ ಡ್ರೈವಿನಲ್ಲಿ ಇಲ್ಲದ್ದೆಲ್ಲವನ್ನೂ ಇ ಡ್ರೈವಿನಿಂದ ಅಳಿಸಿ, ನಮ್ಮ ಫೋಟೋಗಳನ್ನು ಅಲ್ಲಿ ತುಂಬುತ್ತಿತ್ತು. ನಾನು ಹೇಳಿಕೊಟ್ಟಿದ್ದನ್ನೇ, ಒಂದು ಅಕ್ಷರ ತಪ್ಪದೆ.

ಕಿಟಕಿ ಮುಚ್ಚಿ ಡಿಸ್ಕ್ ಕಿತ್ತೆ. ಅವನದ್ದು ಅಂತ ಒಂದು ಫೋಲ್ಡರೂ ಉಳಿದಿರಲಿಲ್ಲ. ರೋಬೋಕಾಪಿ ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಅದರಲ್ಲಿ ಚಿಕ್ಕಮಗಳೂರಿನ ಒಂದು ಮದುವೆ ಇತ್ತು. ಕಾರ್ಡ್ ಆಗಲೇ ಫಾರ್ಮ್ಯಾಟ್ ಆಗಿತ್ತು, ಬೇರೆ ಕಾಪಿ ಇರಲಿಲ್ಲ. ಹುಡುಗ ನೆಲದ ಮೇಲೆ ಕೂತುಬಿಟ್ಟ. ನಾನು ಬಯ್ಯಿಸಿಕೊಳ್ಳಲು ತಯಾರಾಗಿದ್ದೆ, ಅವನು ಬಯ್ಯಲಿಲ್ಲ. ಅದು ಇನ್ನೂ ಕಷ್ಟ.

ಆ ರಾತ್ರಿ ಸರಿಯಾಗಿ ಮಾಡಿದ್ದು ಒಂದೇ ಕೆಲಸ: ಆ ಡಿಸ್ಕನ್ನು ಮತ್ತೆ ವಿಂಡೋಸ್‌ಗೆ ಚುಚ್ಚಲಿಲ್ಲ. ಅಳಿಸಿದ ಫೈಲ್ ಡಿಸ್ಕಿನಿಂದ ತಕ್ಷಣ ಹೋಗುವುದಿಲ್ಲ. 'ಈ ಜಾಗ ಖಾಲಿ' ಅಂತ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ. ಅದರ ಮೇಲೆ ಬೇರೇನಾದರೂ ಬರೆದಾಗಲೇ ನಿಜವಾಗಿ ಹೋಗುವುದು. ಅದು ತಿರುಗುವ ತಟ್ಟೆಯ ಹಳೇ ಹಾರ್ಡ್ ಡಿಸ್ಕ್ ಆಗಿದ್ದು ನಮ್ಮ ಪುಣ್ಯ. ಎಸ್‌ಎಸ್‌ಡಿ ಆಗಿದ್ದು ಟ್ರಿಮ್ ನಡೆದಿದ್ದರೆ ಅಳಿಸಿದ ಜಾಗವನ್ನು ಅದು ತಾನೇ ಒರೆಸಿಬಿಡುತ್ತಿತ್ತು.

ಮಾರನೇ ದಿನ 2 ಟಿಬಿಯ ಹೊಸ ಡಿಸ್ಕ್ ತಂದೆ. ಲಿನಕ್ಸ್ ಮಿಂಟ್ ಇದ್ದ ಪೆನ್ ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಡಿಡಿರೆಸ್ಕ್ಯೂ ಹಾಕಿ ಅವನ 1 ಟಿಬಿ ಡಿಸ್ಕಿನ ಪೂರ್ತಿ ಅಚ್ಚು ತೆಗೆಯುವುದು ಅಂತ ತೀರ್ಮಾನ. ಏನೇ ಕೆರೆದಾಡಿದರೂ ಅಚ್ಚಿನ ಮೇಲೆ, ಮೂಲದ ಮೇಲೆ ಅಲ್ಲ. ಕಮಾಂಡ್ ಬರೆಯುವಾಗ ಕೈ ನಡುಗಿತು. ಲಿನಕ್ಸ್‌ನಲ್ಲಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ ಹೆಸರು. ಆ ಹೆಸರೂ ಚುಚ್ಚಿದ ಸರದಿಯ ಮೇಲೆ ಬದಲಾಗುತ್ತದೆ. ಇಲ್ಲೂ ಅದೇ ರೋಗ! ಮೊದಲು ಎಲ್ಲಿಂದ, ಆಮೇಲೆ ಎಲ್ಲಿಗೆ ಅಂತ ಬರೆಯಬೇಕು. ಅದು ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ, ಆಮೇಲೆ ದೇವರೇ ಗತಿ. ಎಲ್‌ಎಸ್‌ಬಿಎಲ್‌ಕೆ ಅಂತ ಹೊಡೆದು ಗಾತ್ರ ನೋಡಿದೆ. ಅಷ್ಟಕ್ಕೇ ಬಿಡದೆ, ಲಿನಕ್ಸ್ 'ಬೈ-ಐಡಿ' ಅನ್ನುವ ಫೋಲ್ಡರಿನಲ್ಲಿ ಡಿಸ್ಕಿನ ಮಾಡೆಲ್ ಮತ್ತು ಸೀರಿಯಲ್ ನಂಬರ್ ಸೇರಿಸಿ ಇಟ್ಟಿರುವ ಉದ್ದನೆಯ ಹೆಸರನ್ನೇ ಬಳಸಿದೆ. ಡಿಸ್ಕ್ ತಿರುಗಿಸಿ ಅಂಟಿಸಿದ ಚೀಟಿಯಲ್ಲಿದ್ದ ನಂಬರನ್ನು ಹುಡುಗ ಜೋರಾಗಿ ಓದಿದ, ನಾನು ಪರದೆಯಲ್ಲಿ ಬೆರಳಿಟ್ಟು ತಾಳೆ ನೋಡಿದೆ. ಆಮೇಲೇ ಎಂಟರ್. ಅಚ್ಚು ಆಗಲು ಸುಮಾರು ಮೂರೂವರೆ ಗಂಟೆ ಹಿಡಿಯಿತು. ಕರೆಂಟ್ ಹೋಗಲಿಲ್ಲ.

ಅಚ್ಚಿನ ಮೇಲೆ ಮೊದಲು ಟೆಸ್ಟ್‌ಡಿಸ್ಕ್ ಓಡಿಸಿದೆ. ಅದು ಎನ್‌ಟಿಎಫ್‌ಎಸ್‌ನ, ಅಂದರೆ ವಿಂಡೋಸ್ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಯ, ಪಟ್ಟಿಯಲ್ಲಿ ಇನ್ನೂ ಉಳಿದಿರುವ ಅಳಿಸಿದ ಹೆಸರುಗಳನ್ನು ಹುಡುಕುತ್ತದೆ. ಮುಕ್ಕಾಲು ಪಾಲು ಫೋಟೋ ಹೆಸರಿನ ಸಮೇತ ಸಿಕ್ಕಿತು. ಉಳಿದವುಗಳ ಪಟ್ಟಿಯ ಜಾಗದಲ್ಲಿ ನಮ್ಮ ಫೈಲುಗಳು ಬಂದು ಕೂತಿದ್ದವು. ಅವಕ್ಕೆ ಫೋಟೋರೆಕ್. ಇದು ಪಟ್ಟಿಯನ್ನು ನೋಡುವುದೇ ಇಲ್ಲ. ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದುತ್ತಾ, ಇಲ್ಲೊಂದು ಜೆಪೆಗ್ ಶುರುವಾಯಿತು, ಇಲ್ಲೊಂದು ವಿಡಿಯೋ ಶುರುವಾಯಿತು ಅಂತ ಗುರುತು ಹಿಡಿದು ಎತ್ತುತ್ತದೆ. ಫೋಟೋ ಬರುತ್ತದೆ, ಹೆಸರು ಬರುವುದಿಲ್ಲ. ಬರೀ ನಂಬರ್. ಮದುಮಗಳ ಪಕ್ಕದಲ್ಲಿ ಯಾವುದೋ ಹಳೇ ಹುಟ್ಟುಹಬ್ಬದ ಕೇಕ್. ಆದರೆ ಕ್ಯಾಮೆರಾ ಪ್ರತಿ ಫೋಟೋದ ಒಳಗೇ ತೆಗೆದ ದಿನ, ಗಂಟೆ, ನಿಮಿಷ ಬರೆದಿರುತ್ತದೆ ಅಲ್ವಾ? ಎಕ್ಸಿಫ್‌ಟೂಲ್‌ಗೆ ಒಂದು ಸಾಲು ಕೊಟ್ಟೆ, ಎಲ್ಲ ಫೋಟೋಗಳ ಹೆಸರನ್ನೂ ಆ ಸಮಯಕ್ಕೇ ಬದಲಾಯಿಸಿತು. ಕಾಶಿಯಾತ್ರೆ, ಧಾರೆ, ಅರುಂಧತಿ ದರ್ಶನ ಎಲ್ಲಾ ತಮ್ಮ ಸಾಲಿಗೆ ಬಂದು ನಿಂತವು. ಆ ಹೊತ್ತಿಗೆ ಹುಡುಗ ಎರಡು ದಿನದಲ್ಲಿ ಮೊದಲ ಸಲ ನಕ್ಕ.

ವಿಡಿಯೋದಲ್ಲಿ ಅಷ್ಟು ಅದೃಷ್ಟ ಇರಲಿಲ್ಲ. ದೊಡ್ಡ ಫೈಲುಗಳು ಡಿಸ್ಕಿನಲ್ಲಿ ತುಂಡುತುಂಡಾಗಿ ಬೇರೆ ಬೇರೆ ಕಡೆ ಕೂತಿರುತ್ತವೆ. ಫೋಟೋರೆಕ್‌ಗೆ ಆ ತುಂಡುಗಳನ್ನು ಹೊಲಿಯುವುದು ಕಷ್ಟ. ಒಂದು ಉದ್ದನೆಯ ಕ್ಲಿಪ್ ಕೊನೆಗೂ ಸರಿಯಾಗಲಿಲ್ಲ. ಊಟದ ಹಾಲಿನ ಕ್ಲಿಪ್ ಅದು, ಯಾರೂ ಕೇಳಲಿಲ್ಲ. ಮಾಂಗಲ್ಯ ಕಟ್ಟುವ ಕ್ಲಿಪ್ ಆಗಿದ್ದರೆ ಏನು ಹೇಳುತ್ತಿದ್ದೆವೋ.

ಆಮೇಲೆ ಬ್ಯಾಚ್ ಫೈಲ್ ಹೊಸದಾಗಿ ಬರೆದೆ. ಡ್ರೈವ್ ಅಕ್ಷರ ಅನ್ನುವುದು ಬಸ್ಸಿನ ಸೀಟಿದ್ದ ಹಾಗೆ, ಎದ್ದರೆ ಇನ್ನೊಬ್ಬರು ಕೂರುತ್ತಾರೆ. ಅದನ್ನು ನೋಡಿ ಮನುಷ್ಯನ ಗುರುತು ಹಿಡಿಯಲು ಆಗುತ್ತದಾ? ಹಾಗಾಗಿ ನಮ್ಮ ಬ್ಯಾಕಪ್ ಡಿಸ್ಕಿನ ಬುಡದಲ್ಲಿ ಒಂದು ಖಾಲಿ ಫೈಲ್ ಇಟ್ಟೆ, 'ನಮ್ಮಡಿಸ್ಕ್' ಅಂತ ಹೆಸರು. ಬ್ಯಾಚ್ ಫೈಲಿನ ಮೊದಲ ಸಾಲೇ 'ಇಫ್ ನಾಟ್ ಎಕ್ಸಿಸ್ಟ್'. ಆ ಫೈಲ್ ಇಲ್ಲದಿದ್ದರೆ ಏನೂ ಮಾಡದೆ ನಿಲ್ಲು.

ಮೊದಲ ರಾತ್ರಿ ಚೆನ್ನಾಗಿ ಓಡಿತು. ಎರಡನೇ ರಾತ್ರಿ 'ಇದು ನಮ್ಮ ಡಿಸ್ಕ್ ಅಲ್ಲ' ಅಂತ ನಿಂತುಬಿಟ್ಟಿತು. ಡಿಸ್ಕ್ ನಮ್ಮದೇ! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ನಾನಿನ್ನೂ ಎಂಐಆರ್ ಬಿಟ್ಟಿರಲಿಲ್ಲ. ಗುರುತಿನ ಫೈಲ್ ಡಿ ಡ್ರೈವಿನಲ್ಲಿ ಇಲ್ಲವಲ್ಲ, ಅದಕ್ಕೆ ಮೊದಲ ರಾತ್ರಿಯೇ ಅದನ್ನೂ ಗುಡಿಸಿ ಹಾಕಿತ್ತು.

ಅಲ್ಲಿಗೆ ದಿನನಿತ್ಯದ ಕೆಲಸಕ್ಕೆ ಎಂಐಆರ್ ಬಿಟ್ಟೆ. ಯೋಚಿಸಿದರೆ ಅದು ಬ್ಯಾಕಪ್‌ಗೆ ಸರಿಯೂ ಅಲ್ಲ. ಹಗಲು ನಾನು ಡಿ ಡ್ರೈವಿನಲ್ಲಿ ಯಾವುದೋ ಫೋಲ್ಡರ್ ತಪ್ಪಾಗಿ ಅಳಿಸಿದರೆ, ರಾತ್ರಿ ಒಂಬತ್ತಕ್ಕೆ ಅಲ್ಲೂ ಅಳಿಯುತ್ತದೆ. ಕನ್ನಡಿ ತಪ್ಪನ್ನೂ ತೋರಿಸುತ್ತದೆ. ಈಗ ಸ್ಲ್ಯಾಶ್ ಇ ಮಾತ್ರ. ಸೇರಿಸುತ್ತದೆ, ಅಳಿಸುವುದಿಲ್ಲ. ಕಾಪಿ ಹೋಗುವುದು ಮತ್ತೆ 'ಬ್ಯಾಕಪ್' ಫೋಲ್ಡರಿಗೆ, ಮರೆಯಾಗದ ಹಾಗೆ ಆ ಎಸ್‌ಎಚ್ ಸ್ವಿಚ್ ಹಾಕಿ. ಎರಡು ವರ್ಷದ ಹಿಂದೆಯೇ ಹೀಗೆ ಮಾಡಿದ್ದರೆ ಆ ಹುಡುಗನ ಡಿಸ್ಕಿನಲ್ಲಿ ಒಂದು ಫೋಲ್ಡರ್ ಹೆಚ್ಚಾಗುತ್ತಿತ್ತು, ಅಷ್ಟೇ. ಡಿಸ್ಕ್ ತುಂಬಿದಾಗ, ವರ್ಷಕ್ಕೊಮ್ಮೆ, ಆಷಾಢದಲ್ಲಿ ಕೂತು ಎಂಐಆರ್ ಜೊತೆ ಸ್ಲ್ಯಾಶ್ ಎಲ್ ಸೇರಿಸಿ ಓಡಿಸುತ್ತೇನೆ. ಎಲ್ ಇದ್ದರೆ ಏನನ್ನೂ ಮುಟ್ಟುವುದಿಲ್ಲ, ಏನು ಮಾಡುತ್ತಿದ್ದೆ ಅಂತ ಪಟ್ಟಿ ಕೊಡುತ್ತದೆ. ಅಳಿಸಬೇಕಾದದ್ದರ ಮುಂದೆ 'ಎಕ್ಸ್‌ಟ್ರಾ' ಅಂತ ಇರುತ್ತದೆ. ಅದನ್ನು ಓದಿ, ಬೇಡದ್ದನ್ನು ನಾನೇ ಅಳಿಸುತ್ತೇನೆ.

ಪಟ್ಟಿ ಓದಲು ಇನ್ನೊಂದು ತೊಡಕು ಇತ್ತು. ನಮ್ಮ ಫೋಲ್ಡರುಗಳ ಹೆಸರೆಲ್ಲ ಕನ್ನಡದಲ್ಲಿ. ಕಪ್ಪು ಕಿಟಕಿಯಲ್ಲಿ ಅವು ಬರೀ ಚೌಕ. ಆ ಪಟ್ಟಿಯನ್ನು ಬರೆದಿಡುವ ಸಾಮಾನ್ಯ ಲಾಗ್ ಫೈಲಿನಲ್ಲಿ ಬರೀ ಪ್ರಶ್ನೆ ಗುರುತು. ಸ್ಲ್ಯಾಶ್ ಯುನಿಲಾಗ್ ಅಂತ ಕೊಟ್ಟರೆ ಲಾಗ್ ಯೂನಿಕೋಡ್‌ನಲ್ಲಿ ಬರುತ್ತದೆ, ನೋಟ್‌ಪ್ಯಾಡಿನಲ್ಲಿ ಕನ್ನಡ ಕನ್ನಡವಾಗೇ ಕಾಣುತ್ತದೆ. ಹಾಗೆಯೇ ಟಾಸ್ಕ್ ಶೆಡ್ಯೂಲರ್‌ನಲ್ಲಿ ಫಲಿತಾಂಶ 1 ಅಂತ ಬಂದರೆ ಹೆದರಬೇಡಿ. ಬೇರೆ ಕಮಾಂಡುಗಳಿಗೆ ಅದು ತಪ್ಪಿನ ಗುರುತು, ರೋಬೋಕಾಪಿಗೆ 'ಫೈಲ್ ಕಾಪಿ ಆಯಿತು' ಅಂತ ಅರ್ಥ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಏನೋ ಕೆಟ್ಟಿದೆ.

ನಮ್ಮ ಆಲ್ಬಂ ಡಿಸೈನ್ ಮಾಡುವವರ ಬಳಿ ಮ್ಯಾಕ್ ಇದೆ. ಅಲ್ಲಿ ಇದೇ ಕೆಲಸಕ್ಕೆ ಆರ್‌ಸಿಂಕ್. ಅದರಲ್ಲೂ 'ಡಿಲೀಟ್' ಅನ್ನುವ ಸ್ವಿಚ್ ಇದೆ, ಸುಮ್ನೆ ತೋರಿಸುವ 'ಮೈನಸ್ ಎನ್' ಇದೆ. ಅಲ್ಲಿನ ಬಲೆ ಬೇರೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಒಂದು ಸ್ಲ್ಯಾಶ್ ಇದ್ದರೆ ಒಳಗಿನದ್ದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ. ಅವರಿಗೆ ಕಲಿಸುವಾಗ ಮೊದಲು ಹೇಳಿಕೊಟ್ಟಿದ್ದು ಮೈನಸ್ ಎನ್, ಆಮೇಲೆ ಉಳಿದದ್ದು.

ವಿಡಿಯೋ ಹುಡುಗ ಈಗಲೂ ನಮ್ಮ ಜೊತೆಗೇ ಕೆಲಸ ಮಾಡುತ್ತಾನೆ. ಡಿಸ್ಕ್ ತಂದು ಕೊಡುತ್ತಾನೆ, ಕ್ಲಿಪ್ ಹಾಕುತ್ತಾನೆ. ಗಡಿಯಾರದಲ್ಲಿ ಎಂಟೂವರೆ ಆಯಿತು ಅಂದರೆ ಮಾತ್ರ, ಅರ್ಧ ಕಾಪಿ ಆಗಿರಲಿ ಮುಕ್ಕಾಲು ಆಗಿರಲಿ, ಡಿಸ್ಕ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. 'ಈಗ ಗುರುತಿನ ಫೈಲ್ ಇದೆ ಕಣೋ' ಅಂದರೆ, 'ಇರಲಿ ಬಿಡಣ್ಣ' ಅನ್ನುತ್ತಾನೆ.