ರೀಗಾ ನಗರವನ್ನು ಇಸವಿಗಳ ಸಾಲಿನಲ್ಲಿ ನೋಡಿದೆ

ಲಾಟ್ವಿಯಾದ ರಾಜಧಾನಿ ರೀಗಾಗೆ ಹೊರಟವರಿಗೆ ಎಲ್ಲರೂ ಹೇಳುವುದು ಒಂದೇ: ಹಳೆಯ ಊರು ಸುತ್ತಿ, ಆರ್ಟ್ ನೂವೋ ಕಟ್ಟಡಗಳಿರುವ ಬೀದಿ ನೋಡಿ, ಸಂಜೆ ದೌಗವಾ ನದಿಯ ದಂಡೆಯಲ್ಲಿ ಓಡಾಡಿ ಬನ್ನಿ. ಅದೆಲ್ಲ ಚೆಂದವೇ. ನಾನು ಹೋದದ್ದು ಬೇರೆ ಕಾರಣಕ್ಕೆ. ಅಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಚಿಕ್ಕಪ್ಪನ ಮಗ ಒಮ್ಮೆ ಫೋನಿನಲ್ಲಿ ಕೇಳಿದ್ದ: "ಅಣ್ಣ, ಎರಡನೇ ಮಹಾಯುದ್ಧ 1945ಕ್ಕೆ ಮುಗೀತಲ್ವಾ? ನಮ್ಮ ಮನೆ ಓನರ್ ಅಜ್ಜಿ 1994ಕ್ಕೆ ಮುಗೀತು ಅಂತಾರೆ. ಹೆಂಗೆ?"

ಅಜ್ಜಿ ಹೇಳಿದ್ದು ರಷ್ಯಾದ ಕೊನೆಯ ಪಡೆಗಳು ಲಾಟ್ವಿಯಾ ಬಿಟ್ಟು ಹೋದ ವರ್ಷ, 1994ರ ಆಗಸ್ಟ್ 31. ಆ ಲೆಕ್ಕ ಅರ್ಥವಾಗಬೇಕಾದರೆ ಊರನ್ನು ಕಾಲದ ಕ್ರಮದಲ್ಲೇ ನೋಡಬೇಕು ಅನ್ನಿಸಿತು. ಹೊರಡುವ ಮೊದಲು ಒಂದು ಹಾಳೆಯ ಎಡಕ್ಕೆ ತಾರೀಕು, ಬಲಕ್ಕೆ ಜಾಗ ಬರೆದುಕೊಂಡೆ. 1940ರ ಜೂನ್ 17, ಸೋವಿಯತ್ ಸೇನೆ ಬಂತು. 1941ರ ಜುಲೈ 1, ಜರ್ಮನರು ಬಂದರು. 1944ರ ಅಕ್ಟೋಬರ್ 13, ಮತ್ತೆ ಸೋವಿಯತ್. 1990ರ ಮೇ 4, ಸ್ವಾತಂತ್ರ್ಯವನ್ನು ಮರಳಿ ಸ್ಥಾಪಿಸುವ ಘೋಷಣೆ. ಈ ಸಾಲಿನಲ್ಲೇ ನಡೆದರೆ ನದಿಯನ್ನು ಮತ್ತೆ ಮತ್ತೆ ದಾಟಬೇಕಾಗುತ್ತದೆ, ಕಾಲು ನೋಯುತ್ತದೆ. ಆದರೂ ಹೀಗೇ ಮಾಡಿ ಎಂದು ಹೇಳುತ್ತೇನೆ. ಹತ್ತಿರ ಇರುವುದನ್ನೆಲ್ಲ ಒಟ್ಟಿಗೆ ನೋಡಿ ಮುಗಿಸಿದರೆ ಯಾವ ಸ್ಮಾರಕ ಯಾವ ಆಡಳಿತದ್ದು, ಯಾವುದಕ್ಕೆ ಉತ್ತರವಾಗಿ ಯಾವುದು ಎದ್ದಿತು ಎಂಬುದು ಕಲಸಿಹೋಗುತ್ತದೆ.

ಮೊದಲ ಜಾಗ ಸ್ವಾತಂತ್ರ್ಯ ಸ್ಮಾರಕ. ಕಾರ್ಲಿಸ್ ಜಾಲೆ ರೂಪಿಸಿದ ಈ 42 ಮೀಟರ್ ಎತ್ತರದ ಕಂಬ ಅನಾವರಣಗೊಂಡದ್ದು 1935ರಲ್ಲಿ. ತುದಿಯಲ್ಲಿ ಒಬ್ಬ ಹೆಣ್ಣುಮಗಳು ಮೂರು ನಕ್ಷತ್ರಗಳನ್ನು ಎತ್ತಿ ಹಿಡಿದಿದ್ದಾಳೆ. ಕಳೆದುಕೊಂಡದ್ದು ಏನು ಎಂದು ಮೊದಲು ಗೊತ್ತಿರಬೇಕು, ಅದಕ್ಕೇ ಇಲ್ಲಿಂದ ಶುರು. 1918ರಲ್ಲಿ ಹುಟ್ಟಿದ ಈ ಗಣರಾಜ್ಯಕ್ಕೆ ಸ್ವತಂತ್ರವಾಗಿ ಸಿಕ್ಕಿದ್ದು 22 ವರ್ಷವೂ ತುಂಬದ ಕಾಲ. ಸೋವಿಯತ್ ಆಡಳಿತ ಸ್ಮಾರಕವನ್ನು ಕೆಡವಲಿಲ್ಲ. ಅದೇ ಬೀದಿಯಲ್ಲಿ ಸ್ವಲ್ಪ ಮುಂದೆ 1950ರಲ್ಲಿ ಲೆನಿನ್ ಪ್ರತಿಮೆ ನಿಲ್ಲಿಸಿತು. ಹೆಣ್ಣಿನ ಮುಖ ಪಶ್ಚಿಮಕ್ಕೆ, ಲೆನಿನ್ ಮುಖ ಪೂರ್ವಕ್ಕೆ. ಈಕೆಯ ಪಾದದ ಬಳಿ ಹೂವಿಟ್ಟವರನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಿದ್ದ ಕಾಲ ಅದು. 1987ರ ಜೂನ್ 14ರಂದು ಹೆಲ್ಸಿಂಕಿ-86 ಎಂಬ ಸಣ್ಣ ಗುಂಪು ಬಹಿರಂಗವಾಗಿ ಹೂವಿಡಲು ಕರೆ ಕೊಟ್ಟಿತು. ಸಾವಿರಾರು ಜನ ಬಂದರು.

ಸ್ಮಾರಕದ ಮುಂದಿನ ರಸ್ತೆಯೇ ಬ್ರೀವೀಬಸ್, ಅಂದರೆ ಸ್ವಾತಂತ್ರ್ಯ ಬೀದಿ. ಜರ್ಮನರ ಕಾಲದಲ್ಲಿ ಇದಕ್ಕೆ ಹಿಟ್ಲರ್ ಹೆಸರಿತ್ತು, ಸೋವಿಯತ್ ಕಾಲದಲ್ಲಿ ಲೆನಿನ್ ಹೆಸರು. ದಾರಿಯಲ್ಲಿ ಚಿನ್ನದ ಬಣ್ಣದ ಗುಮ್ಮಟಗಳ ಆರ್ಥೊಡಾಕ್ಸ್ ಕೆಥೆಡ್ರಲ್ ಸಿಗುತ್ತದೆ. ಸೋವಿಯತ್ ಆಡಳಿತ ಅದನ್ನು ತಾರಾಲಯ ಮಾಡಿತ್ತು, ಒಳಗೊಂದು ಕೆಫೆಯನ್ನೂ ಇಟ್ಟಿತ್ತು. ಈಗ ಮತ್ತೆ ಪೂಜೆ ನಡೆಯುತ್ತದೆ. ಅಲ್ಲಿಂದ ಮುಂದೆ ಸ್ತಬು ಬೀದಿ ಕೂಡುವ ಮೂಲೆಯಲ್ಲಿರುವುದು 61ನೇ ನಂಬರಿನ ಮನೆ.

ಊರಿನವರು ಇದನ್ನು 'ಮೂಲೆ ಮನೆ' ಎನ್ನುತ್ತಾರೆ. 1912ರ ಹೊತ್ತಿಗೆ ಬಾಡಿಗೆಯ ಮನೆಗಳು, ಅಂಗಡಿಗಳಿಗಾಗಿ ಎದ್ದ ಸುಂದರ ಕಟ್ಟಡ. 1940ರಲ್ಲಿ ಸೋವಿಯತ್ ರಹಸ್ಯ ಪೊಲೀಸರು ಹಿಡಿದುಕೊಂಡರು. 1944ರ ನಂತರ ಕೆಜಿಬಿಯ ಕೇಂದ್ರ ಕಚೇರಿಯಾಗಿ 1991ರವರೆಗೂ ಅವರದೇ. ನೆಲಮಾಳಿಗೆಯ ಕೋಣೆಗಳನ್ನು ನೋಡಲು ಗೈಡ್ ಜೊತೆ ಮಾತ್ರ ಬಿಡುತ್ತಾರೆ. ಇಂಗ್ಲಿಷ್ ಗುಂಪುಗಳು ಬೇಗ ತುಂಬುತ್ತವೆ, ಮೊದಲೇ ಬುಕ್ ಮಾಡಿಕೊಳ್ಳುವುದು ಒಳ್ಳೆಯದು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಣೆಗಳಿಗಿಂತ ಮೊದಲು ಕಾಣುವ ಒಂದು ಮರದ ಪೆಟ್ಟಿಗೆ. ಬಾಗಿಲಿನ ಬಳಿ ಗೋಡೆಗೆ ಹೊಡೆದಿರುವ, ಕಾಗದ ಹಾಕುವಷ್ಟು ಸೀಳು ಬಿಟ್ಟ ಸಾಧಾರಣ ಅಂಚೆ ಪೆಟ್ಟಿಗೆ. ಮಗನನ್ನು ಎಲ್ಲಿಗೆ ಕಳಿಸಿದ್ದೀರಿ ಎಂದು ಕೇಳುವ ತಾಯಿಯೂ ಇದಕ್ಕೇ ಚೀಟಿ ಹಾಕಬೇಕಿತ್ತು, ಪಕ್ಕದ ಮನೆಯವನ ಮೇಲೆ ಚಾಡಿ ಬರೆದವನೂ ಇದಕ್ಕೇ ಹಾಕುತ್ತಿದ್ದ. ಅದರ ಮುಂದೆ ನಿಂತಾಗ ಈ ವ್ಯವಸ್ಥೆ ಹೇಗೆ ನಡೆಯಿತು ಎಂಬುದು ತಿಳಿಯಿತು. ಸಮವಸ್ತ್ರದವರಷ್ಟರಿಂದಲೇ ಅದು ನಡೆದಿರಲಿಲ್ಲ.

ಕೆಳಗೆ ಇಕ್ಕಟ್ಟಿನ ಕೋಣೆಗಳು. ಹಗಲೂ ರಾತ್ರಿ ದೀಪ ಉರಿಯುತ್ತಿತ್ತು, ನಾಲ್ಕು ಜನ ಹಿಡಿಸುವ ಕಡೆ ಅದಕ್ಕಿಂತ ಎಷ್ಟೋ ಪಟ್ಟು ಜನರನ್ನು ತುಂಬುತ್ತಿದ್ದರು. ಗೈಡ್ ಬಾಗಿಲು ಎಳೆದುಕೊಂಡರು. ಗಾಳಿ ಅಲ್ಲಾಡುವುದು ನಿಂತದ್ದು ಮೈಗೇ ಗೊತ್ತಾಯಿತು. 1940-41ರಲ್ಲಿ ಗುಂಡಿಕ್ಕಿ ಕೊಲ್ಲುತ್ತಿದ್ದ ಕೋಣೆಯೂ ಇಲ್ಲಿದೆ. ಸದ್ದು ಬೀದಿಗೆ ಕೇಳಬಾರದೆಂದು ಅಂಗಳದಲ್ಲಿ ಲಾರಿಯ ಎಂಜಿನ್ ಚಾಲೂ ಮಾಡಿ ಬಿಡುತ್ತಿದ್ದರಂತೆ. ಈ ಕಟ್ಟಡಕ್ಕೆ ಅರ್ಧ ದಿನ ಕೊಡಿ, ಆ ದಿನ ಬೇರೆ ಮ್ಯೂಸಿಯಂ ಇಟ್ಟುಕೊಳ್ಳಬೇಡಿ.

ಮುಂದಿನ ತಾರೀಕು 1941ರ ಜೂನ್ 14. ಒಂದೇ ರಾತ್ರಿಯಲ್ಲಿ ಮನೆ ಮನೆಗೆ ನುಗ್ಗಿ, ಲಾಟ್ವಿಯಾದ 15,000ಕ್ಕೂ ಹೆಚ್ಚು ಜನರನ್ನು ಗೂಡ್ಸ್ ಬೋಗಿಗಳಿಗೆ ತುಂಬಿದರು. ಗಂಡಸರನ್ನು ಸ್ಟೇಷನ್ನಿನಲ್ಲೇ ಬೇರ್ಪಡಿಸಿ ಕಾರ್ಮಿಕ ಶಿಬಿರಗಳಿಗೆ, ಹೆಂಗಸರು ಮಕ್ಕಳನ್ನು ಸೈಬೀರಿಯಾಕ್ಕೆ. ಅವರಲ್ಲಿ ಲಾಟ್ವಿಯನ್ನರಷ್ಟೇ ಅಲ್ಲ, ಯಹೂದಿಗಳೂ ರಷ್ಯನ್ನರೂ ಇದ್ದರು. ನದಿಯಾಚೆಯ ತೊರ್ನ್ಯಕಲ್ನ್ಸ್ ಸ್ಟೇಷನ್ನಿನ ಬಳಿ ಅಂಥ ಒಂದು ಬೋಗಿಯನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಸೆಂಟ್ರಲ್ ಸ್ಟೇಷನ್ನಿನಿಂದ ಲೋಕಲ್ ಟ್ರೈನ್ ಹತ್ತಿ ಸೇತುವೆ ದಾಟಿದರೆ ಬಂತು. ನಾನೂ ರೈಲಿನಲ್ಲೇ ಹೋದೆ. ಕಿಟಕಿಯಿಂದ ನದಿ ಕಾಣುತ್ತಿರುವಾಗ, ಈ ಹಳಿಗಳ ಮೇಲೆಯೇ ಅವರನ್ನು ಸಾಗಿಸಿದ್ದು ಎಂಬ ಯೋಚನೆ ಬಂದರೆ ಬೋಗಿ ಬರೀ ಪ್ರದರ್ಶನದ ವಸ್ತುವಾಗಿ ಉಳಿಯುವುದಿಲ್ಲ.

ಇದಾಗಿ ಮೂರು ವಾರ ತುಂಬುವ ಮೊದಲೇ ಜರ್ಮನರು ಬಂದರು. ಇಲ್ಲಿ ಕ್ರಮದ ಬೆಲೆ ಗೊತ್ತಾಗುತ್ತದೆ. ಗಡೀಪಾರಿನಲ್ಲಿ ಮನೆಯವರನ್ನು ಕಳೆದುಕೊಂಡ ಎಷ್ಟೋ ಲಾಟ್ವಿಯನ್ನರು ಜರ್ಮನರನ್ನು ಬಿಡುಗಡೆ ಮಾಡುವವರೆಂದು ನೋಡಿದರು. ಅದೇ ದಿನಗಳಲ್ಲಿ ಯಹೂದಿ ನೆರೆಯವರ ಬೇಟೆ ಶುರುವಾಯಿತು. ಜುಲೈ 4ರಂದು ಗೊಗೊಲ್ ಬೀದಿಯಲ್ಲಿದ್ದ ಯಹೂದಿಗಳ ಪ್ರಾರ್ಥನಾ ಮಂದಿರ, ದೊಡ್ಡ ಸಿನಗಾಗ್‌ಗೆ ಬೆಂಕಿ ಇಟ್ಟರು. ವಿಕ್ತರ್ಸ್ ಆರಾಯ್ಸ್ ಎಂಬ ಸ್ಥಳೀಯನ ಕೈಕೆಳಗಿನ ಲಾಟ್ವಿಯನ್ ತುಕಡಿ ಈ ಕೊಲೆಗಳಲ್ಲಿ ಜರ್ಮನರ ಬಲಗೈಯಾಗಿತ್ತು. ಸೋವಿಯತ್ ದಬ್ಬಾಳಿಕೆ ನೋಡಲು ಬಂದವರಲ್ಲಿ ಕೆಲವರು ಈ ಭಾಗವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹಾಗೆ ಮಾಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಒಂದು ಜನಾಂಗದ ಸಂಕಟ ಹೇಳುವಾಗ ಇನ್ನೊಂದರ ಸಂಕಟ ಮುಚ್ಚಿಟ್ಟರೆ ಎರಡೂ ಸುಳ್ಳಾಗುತ್ತವೆ.

ಸಿನಗಾಗ್‌ನ ಅಡಿಪಾಯದ ಗೋಡೆಗಳು ಇನ್ನೂ ಅಲ್ಲಿವೆ. ಅಲ್ಲಿಂದ ನಡೆದೇ ಹೋಗಬಹುದಾದ ಲುದ್ಜಾಸ್ ಬೀದಿಯ ಆಸುಪಾಸು ಘೆಟ್ಟೋ ಇತ್ತು. ಹಳೆಯ ಮರದ ಮನೆಗಳು ಎಷ್ಟೋ ಹಾಗೇ ನಿಂತಿವೆ, ಜನ ವಾಸವಾಗಿದ್ದಾರೆ. ಸುಮಾರು 30,000 ಜನರನ್ನು ಇಲ್ಲಿ ಮುಳ್ಳುತಂತಿಯೊಳಗೆ ಕೂಡಿಹಾಕಿದ್ದರು. 1941ರ ನವೆಂಬರ್ 30 ಮತ್ತು ಡಿಸೆಂಬರ್ 8, ಎರಡೇ ದಿನದಲ್ಲಿ ಸುಮಾರು 25,000 ಯಹೂದಿಗಳನ್ನು ರುಂಬುಲಾ ಕಾಡಿನಲ್ಲಿ ಕೊಂದರು. ಹೆಚ್ಚಿನವರನ್ನು ಘೆಟ್ಟೋದಿಂದ ಆ ಚಳಿಯಲ್ಲಿ ಹತ್ತು ಕಿಲೋಮೀಟರಿನಷ್ಟು ನಡೆಸಿಕೊಂಡು ಹೋಗಿದ್ದರು. ನಾನು ಬಸ್ಸಿನಲ್ಲಿ ಹೋದೆ. ಹೆದ್ದಾರಿಯ ಪಕ್ಕದಲ್ಲೇ ಪೈನ್ ಮರಗಳ ನಡುವೆ ಸ್ಮಾರಕ. ಮಧ್ಯದಲ್ಲಿ ಯಹೂದಿಗಳ ಕವಲು ದೀಪದ ಕಂಬ, ಸುತ್ತ ನೆಟ್ಟ ಒರಟು ಕಲ್ಲುಗಳ ಮೇಲೆ ಸತ್ತವರ ಹೆಸರು, ನೆಲಕ್ಕೆ ಹಾಸಿದ ಕಲ್ಲುಗಳ ಮೇಲೆ ಘೆಟ್ಟೋದ ಬೀದಿಗಳ ಹೆಸರು. ಬೆಳಿಗ್ಗೆ ನಡೆದು ಬಂದ ಬೀದಿಗಳ ಹೆಸರನ್ನು ಅಲ್ಲಿ ಮತ್ತೆ ಓದಿದೆ. ಘೆಟ್ಟೋ ನೋಡಿದ ದಿನವೇ ರುಂಬುಲಾಗೂ ಹೋಗಿ ಎನ್ನುವುದು ಇದಕ್ಕೇ.

ಅದರ ಮಾರನೆಯ ದಿನಕ್ಕೆ ಝಾನಿಸ್ ಲಿಪ್ಕೆ ಸ್ಮಾರಕ ಇಟ್ಟುಕೊಂಡಿದ್ದೆ. ಕೀಪ್ಸಲಾ ಎಂಬ ನದೀದ್ವೀಪದ ಓಣಿಯ ಕೊನೆಯಲ್ಲಿ, ಕಪ್ಪು ಹಲಗೆಯ ಕೊಟ್ಟಿಗೆಯಂಥ ಕಟ್ಟಡ. ಬೋರ್ಡು ಸುಲಭಕ್ಕೆ ಕಾಣುವುದಿಲ್ಲ. ಹಿಂದೆ ಬಂದರಿನಲ್ಲಿ ಕೂಲಿಯಾಗಿದ್ದ ಲಿಪ್ಕೆ ಜರ್ಮನ್ ವಾಯುಪಡೆಯ ಉಗ್ರಾಣದಲ್ಲಿ ಕೆಲಸ ಹಿಡಿದು, ಘೆಟ್ಟೋದಿಂದ ಕೆಲಸಕ್ಕೆಂದು ಜನರನ್ನು ಹೊರತಂದು ಅಡಗಿಸುತ್ತಿದ್ದ. ತನ್ನ ಸೌದೆ ಕೊಟ್ಟಿಗೆಯ ಅಡಿಯಲ್ಲಿ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಗುಂಡಿ ತೋಡಿದ್ದ. ಹೆಂಡತಿ ಯೊಹಾನ್ನಾ ಜೊತೆಗಿದ್ದಳು, ಗೆಳೆಯರ ಸಹಾಯವಿತ್ತು. ಹೀಗೆ ಉಳಿದವರು ಐವತ್ತರ ಆಸುಪಾಸು ಜನ. ಒಳಗೆ ಹೋದವರನ್ನು ಗುಂಡಿಗೆ ಇಳಿಯಲು ಬಿಡುವುದಿಲ್ಲ, ಮೇಲಿನ ಅಟ್ಟದಿಂದ ಬಗ್ಗಿ ನೋಡಬೇಕು. ಕೆಳಗೆ ಗೋಡೆಗೆ ಹೊಂದಿಸಿದ ಮಲಗುವ ಹಲಗೆಗಳು ಕಾಣುತ್ತವೆ. ಟಿಕೆಟ್ ಇಲ್ಲ. ರೀಗಾದಲ್ಲಿ ಒಂದೇ ಜಾಗ ನೋಡಲು ಸಮಯವಿದೆ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ವಿಜಯ ಪಾರ್ಕ್ ನದಿಯ ಅದೇ ದಂಡೆಯಲ್ಲಿದೆ. ರುಂಬುಲಾ ಕೊಲೆಗಳನ್ನು ನಡೆಸಿದ ಎಸ್‌ಎಸ್ ಅಧಿಕಾರಿ ಫ್ರೀಡ್ರಿಶ್ ಯೆಕೆಲ್ನ್‌ನನ್ನು 1946ರ ಫೆಬ್ರವರಿ 3ರಂದು ಇಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಿದರು. 1985ರಲ್ಲಿ ಇಲ್ಲೇ ಸೋವಿಯತ್ ವಿಜಯದ 79 ಮೀಟರಿನ ಸ್ತಂಭ ಎದ್ದಿತು, ಉಕ್ರೇನ್ ಮೇಲೆ ರಷ್ಯಾ ಯುದ್ಧ ಹೂಡಿದ ಮೇಲೆ 2022ರ ಆಗಸ್ಟ್ 25ರಂದು ಉರುಳಿತು. ಈಗ ನೋಡಲು ಏನೂ ಇಲ್ಲ, ಬಯಲು. ಆದರೂ ಹೋಗಿ. ನಾಜಿಗಳ ವಿರುದ್ಧ ಹೋರಾಡಿ ಸತ್ತ ಅಜ್ಜನನ್ನು ನೆನೆಯಲು ರಷ್ಯನ್ ಮಾತಾಡುವ ಮನೆಗಳವರು ಪ್ರತಿ ಮೇ 9ಕ್ಕೆ ಇಲ್ಲಿಗೆ ಹೂ ತರುತ್ತಿದ್ದರು. ಲಾಟ್ವಿಯನ್ ಮನೆಗಳಿಗೆ ಅದೇ ಸ್ತಂಭ ಎರಡನೇ ಆಕ್ರಮಣದ ಗುರುತಾಗಿತ್ತು. ಎರಡೂ ನೆನಪು ನಿಜ. ಕೆಡವಿದ್ದು ಸರಿಯೇ ಎಂದು ನನ್ನ ಮನಸ್ಸು ಹೇಳುತ್ತದೆ, ಆದರೆ ಆ ಅಜ್ಜನ ಮೊಮ್ಮಗಳ ಮುಂದೆ ಅದನ್ನು ಹಗುರವಾಗಿ ಹೇಳಲಾರೆ. ಈ ಊರಿನಲ್ಲಿ ಯಾರ ಮನೆಯಲ್ಲೇ ಆಗಲಿ, ಮೊದಲು ಕೇಳಿಸಿಕೊಳ್ಳಿ, ಅಭಿಪ್ರಾಯ ಆಮೇಲೆ.

ವಿಜ್ಞಾನ ಅಕಾಡೆಮಿ ಕಟ್ಟಡ ದೂರದಿಂದಲೇ ಕಾಣುತ್ತದೆ. ಮಾಸ್ಕೋದ ಸ್ಟಾಲಿನ್ ಗೋಪುರಗಳ ತಮ್ಮನಂತೆ, ನೂರು ಮೀಟರಿಗೂ ಮಿಕ್ಕ ಎತ್ತರ. ಹೊರಗಿನ ಅಲಂಕಾರದಲ್ಲಿ ಕುಡುಗೋಲು-ಸುತ್ತಿಗೆಯ ಗುರುತುಗಳು ಇನ್ನೂ ಇವೆ, ಕತ್ತೆತ್ತಿ ಹುಡುಕಬೇಕು. ಜನ 17ನೇ ಮಹಡಿಯ ಬಾಲ್ಕನಿಗೆ ಹೋಗಿ ಫೋಟೊ ತೆಗೆದುಕೊಂಡು ಇಳಿಯುತ್ತಾರೆ. ನನ್ನ ಹಾಳೆಯಲ್ಲಿ ಇದರ ಮೇಲಿನ ಸಾಲು 1949ರ ಮಾರ್ಚ್ 25. ಅಂದು ಶುರುವಾದ ಗಡೀಪಾರಿನಲ್ಲಿ 42,000ಕ್ಕೂ ಹೆಚ್ಚು ಜನರನ್ನು ಸೈಬೀರಿಯಾಕ್ಕೆ ಸಾಗಿಸಿದರು. ಹೆಚ್ಚಿನವು ರೈತ ಕುಟುಂಬಗಳು. ಉಳಿದ ರೈತರು ಹೆದರಿ ಜಮೀನನ್ನು ಸಾಮೂಹಿಕ ಬೇಸಾಯಕ್ಕೆ ಬಿಟ್ಟುಕೊಟ್ಟರು. ಇದಾದ ಮೇಲೆ ಐವತ್ತರ ದಶಕದಲ್ಲಿ ಎದ್ದ ಈ ಗೋಪುರಕ್ಕೆ ಮೊದಲು ಇಟ್ಟುಕೊಂಡಿದ್ದ ಹೆಸರು 'ಕೊಲ್‌ಖೋಜ್ ರೈತರ ಮನೆ'. ಕೊಲ್‌ಖೋಜ್ ಅಂದರೆ ಅದೇ ಸಾಮೂಹಿಕ ಬೇಸಾಯದ ಜಮೀನು. ಇಸವಿಗಳನ್ನು ಒಂದರ ಕೆಳಗೊಂದು ಬರೆದುಕೊಂಡಿರದಿದ್ದರೆ ಈ ಎರಡು ಸಂಗತಿ ನನ್ನ ತಲೆಯಲ್ಲಿ ಒಟ್ಟಿಗೆ ಬರುತ್ತಲೇ ಇರಲಿಲ್ಲ.

ಆಕ್ರಮಣ ಮ್ಯೂಸಿಯಂಗೆ ನಾನು ಇಷ್ಟೆಲ್ಲ ಆದ ಮೇಲೆ ಹೋದೆ. ಎಲ್ಲರೂ ಮೊದಲು ಅಲ್ಲಿಗೆ ಹೋಗಿ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಜಾಗಗಳನ್ನು ಕಂಡ ಮೇಲೆ ಒಳಗಿನ ಪ್ರತಿ ವಸ್ತುವಿಗೂ ಒಂದು ವಿಳಾಸ ಇರುತ್ತದೆ. ರಷ್ಯಾ ಕ್ರಾಂತಿಯಲ್ಲಿ ಬೋಲ್ಶೆವಿಕರ ಪರ ಹೋರಾಡಿದ ಲಾಟ್ವಿಯನ್ ಸೈನಿಕರ, ಅಂದರೆ ಕೆಂಪು ರೈಫಲ್‌ದಾರರ ನೆನಪಿಗೆ ಸೋವಿಯತ್ ಆಡಳಿತ ಕಟ್ಟಿಸಿದ ಕಪ್ಪು ಕಟ್ಟಡವೇ ಈಗ ಈ ಮ್ಯೂಸಿಯಂ. ಪಕ್ಕಕ್ಕೆ ಅಮೆರಿಕದಲ್ಲಿ ನೆಲೆಸಿದ್ದ ಲಾಟ್ವಿಯನ್ ವಾಸ್ತುಶಿಲ್ಪಿ ಗುನ್ನಾರ್ ಬಿರ್ಕರ್ಟ್ಸ್ ವಿನ್ಯಾಸದ ಬಿಳಿ ಭಾಗವನ್ನು ಸೇರಿಸಿದ್ದಾರೆ. ಒಳಗೆ ತಪ್ಪದೆ ನೋಡಬೇಕಾದದ್ದು ಬರ್ಚ್ ಮರದ ತೊಗಟೆಯ ಮೇಲೆ ಬರೆದ ಕಾಗದಗಳು. ಸೈಬೀರಿಯಾದಲ್ಲಿ ಹಾಳೆ ಸಿಗದೆ ಜನ ತೊಗಟೆ ಸುಲಿದು ಬರೆದರು. ತೆಳ್ಳಗಿನ ತೊಗಟೆ, ಅಂಚು ಸುರುಳಿಗಟ್ಟಿದೆ. ಅಕ್ಷರ ಮಾತ್ರ ಶಾಲೆಯಲ್ಲಿ ಕಲಿಸಿದಷ್ಟು ನೇರ. ಊರಿನ ಮಂದಿಗೆ ಕಳಿಸಿದ ಶುಭಾಶಯಗಳೂ ಇವೆ.

ಕೊನೆಯ ಸಾಲು 1991ರ ಜನವರಿ. ನೆರೆಯ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ಸೋವಿಯತ್ ಪಡೆ ಜನರ ಮೇಲೆ ಗುಂಡು ಹಾರಿಸಿದ ಸುದ್ದಿ ಬಂದದ್ದೇ ರೀಗಾದಲ್ಲಿ ಜನ ಬೀದಿಗಿಳಿದರು. ಹಳ್ಳಿಗಳಿಂದ ಟ್ರ್ಯಾಕ್ಟರು, ಮರ ಸಾಗಿಸುವ ಲಾರಿಗಳು ಬಂದು, ಕಾಂಕ್ರೀಟ್ ದಿಮ್ಮಿಗಳ ಜೊತೆ ಹಳೆಯ ಊರಿನ ದಾರಿಗಳಿಗೆ ಅಡ್ಡ ನಿಂತವು. ದೋಮ್ ಚೌಕದಲ್ಲಿ ರಾತ್ರಿಯಿಡೀ ಬೆಂಕಿ ಹಾಕಿಕೊಂಡು ಕಾವಲು ಕಾದರು. ಜನವರಿ 20ರಂದು ಸೋವಿಯತ್ ವಿಶೇಷ ಪೊಲೀಸ್ ಪಡೆ ಗೃಹ ಸಚಿವಾಲಯದ ಮೇಲೆ ದಾಳಿ ಮಾಡಿತು. ಆ ಗುಂಡಿಗೆ ಬಲಿಯಾದವರಲ್ಲಿ ಕ್ಯಾಮೆರಾ ಹಿಡಿದಿದ್ದ ಆಂದ್ರಿಸ್ ಸ್ಲಾಪಿನ್ಯಷ್ ಮತ್ತು ಗ್ವೀದೊ ಜ್ವೈಗ್ಜ್ನೆ ಇದ್ದಾರೆ. ಸ್ವಾತಂತ್ರ್ಯ ಸ್ಮಾರಕದ ಪಕ್ಕದ ಬಸ್ತೆಯ್‌ಕಲ್ನ್ಸ್ ಉದ್ಯಾನದಲ್ಲಿ ಅವರವರು ಬಿದ್ದ ಕಡೆ ಕಲ್ಲುಗಳನ್ನು ಇಟ್ಟಿದ್ದಾರೆ. ಕ್ರಾಮು ಬೀದಿಯಲ್ಲಿ ಬ್ಯಾರಿಕೇಡ್‌ಗಳದ್ದೇ ಒಂದು ಚಿಕ್ಕ ಮ್ಯೂಸಿಯಂ ಇದೆ, ಒಂದು ಗಂಟೆ ಸಾಕು.

ನೀವು ಹೋಗುವುದಾದರೆ ದಿನವನ್ನೂ ಇಸವಿ ನೋಡಿಯೇ ಆರಿಸಿಕೊಳ್ಳಿ. ಮಾರ್ಚ್ 25 ಮತ್ತು ಜೂನ್ 14ರಂದು ಮನೆಗಳ ಮೇಲೆ ಕಪ್ಪು ಪಟ್ಟಿ ಕಟ್ಟಿದ ಬಾವುಟ ಹಾರಿಸುತ್ತಾರೆ, ಜನ ಸ್ವಾತಂತ್ರ್ಯ ಸ್ಮಾರಕಕ್ಕೆ ಹೂ ತರುತ್ತಾರೆ. ಚಳಿ ತಡೆಯುವ ಶಕ್ತಿಯಿದ್ದರೆ ಜನವರಿ 20ರ ಸುಮಾರಿಗೆ ಹೋಗಿ. ದೋಮ್ ಚೌಕದಲ್ಲಿ ಈಗಲೂ ಪ್ರತಿವರ್ಷ ಅವತ್ತಿನ ನೆನಪಿಗೆ ಬೆಂಕಿ ಹಾಕುತ್ತಾರೆ, ಅಂದು ಕಾವಲಿದ್ದವರೂ ಬರುತ್ತಾರೆ. ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಇಂಗ್ಲಿಷ್ ಬರುವ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರಲ್ಲಿ ಮಾತಾಡಲು ಸಿದ್ಧರಿರುವವರು ಬಹಳ ಜನ ಇದ್ದಾರೆ.