ಇಟಾಲಿಯನ್ ಗ್ರೇಹೌಂಡ್: ನಮ್ಮ ಮಳೆಗಾಲಕ್ಕೆ ಒಂದಿಷ್ಟು ಸಲಹೆ

ಚಿಕ್ಕಮಗಳೂರಿನ ಕಡೆ ಇಟಾಲಿಯನ್ ಗ್ರೇಹೌಂಡ್ ನಾಯಿ ಸಾಕಬೇಕು ಅಂತಿರುವವರು ಮೊದಲು ಚಳಿಯ ಬಗ್ಗೆ ಯೋಚಿಸಿ. ತೂಕ 5 ಕೆ.ಜಿ. ಆಸುಪಾಸು ಅಷ್ಟೇ. ಮೈಯಲ್ಲಿ ಕೊಬ್ಬು ಕಡಿಮೆ, ಕೂದಲೂ ತೆಳು. ಜುಲೈ ಮಳೆಗೆ ಸ್ವೆಟರ್ ಬೇಕೇ ಬೇಕು. ತೋಟದಿಂದ ಬಂದ ತಕ್ಷಣ ಮೈ ಒರೆಸಿ, ಬೆರಳ ಸಂದಿಯಲ್ಲಿ ಇಂಬಳ, ಕಿವಿಯಲ್ಲಿ ಉಣುಗು ಇದೆಯಾ ನೋಡಿ.

ಮುಂಗಾಲಿನ ಮೂಳೆ ಪೆನ್ಸಿಲ್‌ನಷ್ಟು ಸಣ್ಣ. ಸುಮ್ನೆ ಮಂಚದಿಂದ ಹಾರಿದರೂ ಮುರಿಯಬಹುದು, ಅದರಲ್ಲೂ ಮರಿಗಳಿಗೆ ಅಪಾಯ ಜಾಸ್ತಿ. ಮಂಚದ ಪಕ್ಕ ದಪ್ಪ ಹಾಸಿಗೆ ಹಾಕಿ. ರೆಡ್ ಆಕ್ಸೈಡ್ ನೆಲ ಜಾರುತ್ತದೆ ಅಲ್ವಾ, ಅಲ್ಲಿ ಚಾಪೆ ಹಾಸಿ.

ಕಣ್ಣಿಂದಲೇ ಬೇಟೆ ಹುಡುಕುವ ತಳಿ ಇದು. ಅಳಿಲು ಓಡಿದ್ದು ಕಂಡರೆ ನೀವು ಕರೆದದ್ದು ಕಿವಿಗೇ ಬೀಳುವುದಿಲ್ಲ. ಬೇಲಿ ಇಲ್ಲದ ಕಡೆ ಹಗ್ಗ ಬಿಚ್ಚಲೇಬೇಡಿ. ತಲೆ ಕಿರಿದು, ಮಾಮೂಲಿ ಕಾಲರ್ ಕಳಚಿಕೊಳ್ಳುತ್ತದೆ. ಎದೆಗೆ ಕಟ್ಟುವ ಹಾರ್ನೆಸ್ ವಾಸಿ. ಹಲ್ಲೂ ಬೇಗ ಹಾಳಾಗುತ್ತದೆ, ನಾಯಿಗಳ ಪೇಸ್ಟಿನಲ್ಲೇ ದಿನಾ ಉಜ್ಜಿ.