ಮುಂಬಯಿಯಲ್ಲಿ ಹಳೇ ಕೆಲಸದ ಪಗಾರ ಬಾಕಿ ಉಳಿದರೆ

ಊರಿನಿಂದ ಹೊಸದಾಗಿ ಬಂದ ನಮ್ಮ ಹುಡುಗರು ಮೊದಲ ಕೆಲಸ ಬಿಟ್ಟಾಗ ಒಂದೆರಡು ತಿಂಗಳ ಪಗಾರ ಅಲ್ಲೇ ಸಿಕ್ಕಿಕೊಳ್ಳುವುದನ್ನು ತುಂಬಾ ನೋಡಿದ್ದೇನೆ. ಹೋಟೆಲ್ ಇರಲಿ, ಚಿಕ್ಕ ಆಫೀಸಿರಲಿ, ಮಾತು ಒಂದೇ: "ಮುಂದಿನ ವಾರ ಬಾ." ನಾಲ್ಕು ಸಲ ಅಲೆದು ಐದನೇ ಸಲ ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಅದು ನೀವು ಬೆವರು ಸುರಿಸಿ ದುಡಿದ ದುಡ್ಡು.

ನನಗೂ ಆಗಿತ್ತು. 2018ರಲ್ಲಿ ಅಂಧೇರಿಯ ಒಂದು ಕಂಪನಿ ಬಿಟ್ಟೆ, ಎರಡು ತಿಂಗಳ 38,000 ರೂಪಾಯಿ ಬಾಕಿ. ಅಕೌಂಟೆಂಟ್ ಒಂದು ಕಾಗದ ಮುಂದಿಟ್ಟು "ಸಹಿ ಹಾಕು, ನಾಳೆ ಟ್ರಾನ್ಸ್‌ಫರ್ ಮಾಡ್ತೀನಿ" ಅಂದರು. ಓದಿ ನೋಡಿದರೆ, ಎಲ್ಲಾ ಲೆಕ್ಕ ಚುಕ್ತಾ, ನನಗೆ ಏನೂ ಬರಬೇಕಾಗಿಲ್ಲ ಅಂತ ಬರೆದಿದೆ! ಡೊಂಬಿವಲಿಯ ರೂಮಿನ ಬಾಡಿಗೆ ಕಟ್ಟಬೇಕಿತ್ತು, ಪೆನ್ನು ಕೈಯಲ್ಲೇ ಇತ್ತು. ಬಾಗಿಲ ಹತ್ತಿರ ನಿಂತಿದ್ದ ಪ್ಯೂನ್ ಮೆಲ್ಲಗೆ ಬೇಡ ಅಂತ ತಲೆ ಅಲ್ಲಾಡಿಸಿದ. ಪೆನ್ನು ಕೆಳಗಿಟ್ಟೆ. ಖಾತೆಗೆ ದುಡ್ಡು ಬರುವ ಮೊದಲು ಅಂಥ ಕಾಗದಕ್ಕೆ ಯಾರೂ ಸಹಿ ಹಾಕಬೇಡಿ.

ಎಲ್ಲಿಗೆ ಹೋಗಬೇಕು ಅನ್ನುವುದರಲ್ಲೇ ಜಾಸ್ತಿ ಜನ ದಾರಿ ತಪ್ಪುತ್ತಾರೆ. ಪೊಲೀಸ್ ಠಾಣೆಗೆ ಹೋದರೆ ಲೇಬರ್ ಆಫೀಸಿಗೆ ಹೋಗಿ ಅಂತಾರೆ. ಗ್ರಾಹಕ ಕೋರ್ಟು ನೌಕರಿಯ ಪಗಾರಕ್ಕಲ್ಲ. ಧೋಬಿ ತಲಾವ್ ಹತ್ತಿರದ ಸ್ಮಾಲ್ ಕಾಸಸ್ ಕೋರ್ಟಿನ ಹೆಸರು ಕೇಳಿ ಅಲ್ಲಿಗೆ ಓಡುವವರೂ ಇದ್ದಾರೆ, ಆದರೆ ಅಲ್ಲಿ ಮುಖ್ಯವಾಗಿ ನಡೆಯುವುದು ಮನೆ, ಅಂಗಡಿ ಬಾಡಿಗೆಯ ಜಗಳ. ನೀವು ಹೋಗಬೇಕಾದದ್ದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾಮ್‌ಗಾರ್ ಭವನದ ಲೇಬರ್ ಆಫೀಸಿಗೆ. ಪುಣೆಯವರಾದರೆ ಶಿವಾಜಿನಗರ ಕಡೆಯ ವಾಕಡೇವಾಡಿಯ ಲೇಬರ್ ಆಫೀಸು.

ಹೋಗುವ ಮೊದಲು ಕಂಪನಿಗೆ ಒಂದು ಪತ್ರ ಬರೆಯಿರಿ. ಯಾವ ತಿಂಗಳು, ಎಷ್ಟು ದಿನ ಕೆಲಸ, ಎಷ್ಟು ಬಾಕಿ, ಎಷ್ಟು ದಿನದಲ್ಲಿ ಕೊಡಬೇಕು, ಅಷ್ಟೇ ಸಾಕು, ಬೈಗುಳ ಬೇಡ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲ ಅಂತ ಸುಮ್ನೆ ಕೂರಬೇಡಿ. ಬ್ಯಾಂಕ್ ಪಾಸ್‌ಬುಕ್ಕು, ಐಡಿ ಕಾರ್ಡು, ಡ್ಯೂಟಿಗೆ ಬಾ ಅಂತ ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜು, ಇವೂ ನೀವು ಅಲ್ಲಿ ದುಡಿದಿದ್ದೀರಿ ಅಂತ ತೋರಿಸುತ್ತವೆ.

ಲೇಬರ್ ಆಫೀಸಿನಲ್ಲಿ ಮರಾಠಿಯ ಮೂರು ಮಾತು ಗೊತ್ತಿದ್ದರೆ ಸಲೀಸು. ಅರ್ಜ್ ಅಂದರೆ ಅರ್ಜಿ, ಥಕೀತ್ ಪಗಾರ್ ಅಂದರೆ ಬಾಕಿ ಸಂಬಳ, ಪೋಚ್ ಅಂದರೆ ಅರ್ಜಿ ತಲುಪಿತು ಅಂತ ನಿಮ್ಮ ಪ್ರತಿಯ ಮೇಲೆ ಹಾಕಿಕೊಡುವ ಮೊಹರು. ಆ ಮೊಹರು ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ.

ನನ್ನ ಕಾಲಕ್ಕಿಂತ ಈಗ ಕಾನೂನು ಗಟ್ಟಿಯಾಗಿದೆ. 2025ರ ನವೆಂಬರ್ 21ರಿಂದ ಹೊಸ ವೇತನ ಸಂಹಿತೆ ಬಂದಿದೆ. ಅದರ ಪ್ರಕಾರ ತೆಗೆದುಹಾಕಿದರೂ ಸರಿ, ನೀವೇ ರಾಜೀನಾಮೆ ಕೊಟ್ಟರೂ ಸರಿ, ಎರಡು ಕೆಲಸದ ದಿನದೊಳಗೆ ಪಗಾರ ಕೊಡಬೇಕು. ಕ್ಲೇಮ್ ಹಾಕಲು ಮೂರು ವರ್ಷ ಅವಕಾಶವಿದೆ. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಕ್ಲೇಮ್ ಕೇಳುವ ಅಧಿಕಾರಿಗೆ ಇದೆ, ಹಾಗಂತ ಹತ್ತು ಪಟ್ಟು ಬಂದೇ ಬರುತ್ತೆ ಅಂತ ಲೆಕ್ಕ ಹಾಕಬೇಡಿ.

ಪಿಎಫ್ ಬೇರೆ ವಿಷಯ, ಅದರ ದೂರು ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒಗೆ. ಕಂಪನಿ ನಿಮ್ಮ ಎಕ್ಸಿಟ್ ತಾರೀಕು, ಅಂದರೆ ಕೆಲಸ ಬಿಟ್ಟ ದಿನ, ಹಾಕದೆ ಸತಾಯಿಸಿದರೆ, ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವಿನ ಸಹಾಯವಾಣಿ ಅದು.

ಲೇಬರ್ ಆಫೀಸಿನಲ್ಲಿ ಹಾಕಿದ ನನ್ನ ಕೇಸಿನಲ್ಲಿ ವಿಚಾರಣೆಯ ಎರಡು ತಾರೀಕಿಗೆ ಕಂಪನಿಯಿಂದ ಯಾರೂ ಬರಲಿಲ್ಲ. ಎರಡು ದಿನದ ಕೂಲಿ ಹೋಯಿತಲ್ಲ ಅಂತ ತುಂಬಾ ಬೇಜಾರಾಗಿತ್ತು. ಮೂರನೇ ತಾರೀಕಿಗೆ ಅದೇ ಅಕೌಂಟೆಂಟ್ ಚೆಕ್ ಹಿಡಿದು ಬಂದರು, ಕೇಸ್ ಈಗಲೇ ವಾಪಸ್ ತಗೋ ಅಂದರು. ನಾನು ಚೆಕ್ ನಂಬರನ್ನು ದಾಖಲೆಯಲ್ಲಿ ಬರೆಸಿ, ದುಡ್ಡು ಜಮಾ ಆದ ಮೇಲೆ ಸಹಿ ಹಾಕ್ತೀನಿ ಅಂದೆ. ಅಧಿಕಾರಿ ಒಪ್ಪಿ ಮುಂದಿನ ತಾರೀಕು ಕೊಟ್ಟರು. ನಾಲ್ಕನೇ ದಿನ ಮೊಬೈಲಿಗೆ 38,000ದ ಮೆಸೇಜ್ ಬಂತು, ಆಮೇಲೇ ಹೋಗಿ ಸಹಿ ಹಾಕಿದೆ.